ಸೀಸದ ಗುಂಡು, ಬಾಗಿಲ ಬಳಿಯ ಬಕೆಟ್ಟು

ಮಸ್ಕತ್ತಿಗೆ ಬಂದ ಮರುದಿನ ಬೆಳಿಗ್ಗೆ ಕಸ ಗುಡಿಸುತ್ತಿದ್ದೆ. ಕಸಬರಿಗೆಯ ಮುಂದೆ ಒಂದು ಬಂದೂಕಿನ ಗುಂಡು ಜಾರಿ ಬಂತು. ನಮ್ಮೂರು ನರೇಗಲ್ಲಿನಲ್ಲಿ ಕಸದೊಳಗೆ ಬರುವುದು ಶೇಂಗಾ ಸಿಪ್ಪೆ, ಒಡೆದ ಬಳೆ ಚೂರು, ಬಹಳ ಅಂದರೆ ಒಂದು ಚೇಳು. ಚೇಳು ಕಂಡರೆ ಏನು ಮಾಡಬೇಕೆಂದು ನನಗೆ ಗೊತ್ತು. ಗುಂಡು ಕಂಡರೆ ಏನು ಮಾಡಬೇಕು? ಮಗಳನ್ನು ಎತ್ತಿಕೊಂಡು ಮಂಚ ಹತ್ತಿ ನಿಂತೆ, ಅದು ಹರಿದು ಬಂದು ಕಡಿಯುತ್ತದೆ ಎನ್ನುವ ಹಾಗೆ.

ನಮ್ಮ ಯಜಮಾನರು ಹಲ್ಲುಜ್ಜುತ್ತಾ ಬಂದು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಹುಚ್ಚಿ, ಅದು ಸತ್ತ ಗುಂಡು. ಹಾರಿ, ಬಡದು, ಚಪ್ಪಟಿ ಆಗೇತಿ. ನನ್ನ ಪ್ಯಾಂಟಿನ ಮಡಿಕ್ಯಾಗ ಕುಂತು ಬಂದಿರಬೇಕು. ಇನ್ನ ಅದು ಯಾರಿಗೂ ಏನೂ ಮಾಡೂದಿಲ್ಲ."

ಆ ಮಾತು ನಂಬಿದೆ. ಅದೇ ನಾನು ಮಾಡಿದ ತಪ್ಪು.

ನಾನು ಗಜೇಂದ್ರಗಡದ ಮಗಳು, ನರೇಗಲ್ಲಿನ ಸೊಸೆ. ಹೆಸರು ರಾಜಮಾ. ಮಸೀದಿಯ ಓಣಿಯಲ್ಲಿ ನಮ್ಮ ಮನೆ; ಮನೆಮಾತು ಕನ್ನಡವೇ. ಮಾವ ಕಲಾಯಿ ಕೆಲಸದವರು. ಸಂತೆಯ ದಿನ ತಿದಿ ಒತ್ತಿ ಬೆಂಕಿ ಎಬ್ಬಿಸಿ, ಊರವರ ಹಿತ್ತಾಳೆ ಭಾಂಡೆಗಳ ಒಳಗೆ ತವರದ ಬಿಳುಪು ಏರಿಸಿ ಕೊಡುತ್ತಿದ್ದರು. ಸ್ಟೀಲಿನ ಪಾತ್ರೆ ಬಂದು ಆ ಕೆಲಸ ಮುಳುಗಿತು, ಮಾವನೂ ಹೋದರು. ಅವರ ಮಗ, ಅಂದರೆ ನಮ್ಮ ಯಜಮಾನರು, ಮಸ್ಕತ್ತಿಗೆ ಬಂದು ಒಂದು ಕ್ಲಬ್ಬಿನಲ್ಲಿ ಸೇರಿಕೊಂಡರು. ಗುರಿ ಇಟ್ಟು ಗುಂಡು ಹೊಡೆಯುವುದನ್ನು ಕಲಿಯಲು ಜನ ಅಲ್ಲಿಗೆ ಬರುತ್ತಾರೆ. ಹರಿದ ಗುರಿಹಾಳೆ ಬದಲಿಸುವುದು, ಉಕ್ಕಿನ ಹಲಗೆಗೆ ಬಡಿದು ಪುಡಿಯಾಗಿ ಬಿದ್ದ ಗುಂಡುಗಳನ್ನು ಗುಡಿಸಿ ಡಬ್ಬಿಗೆ ತುಂಬುವುದು ಇವರ ಕೆಲಸ. ಮೇಸ್ತ್ರಿಯಾದ ಮೇಲೆ ನನ್ನನ್ನೂ, ಒಂದು ವರ್ಷದ ಹಸೀನಾಳನ್ನೂ ಕರೆಸಿಕೊಂಡರು.

ಮೂರನೆಯ ಮಹಡಿಯಲ್ಲಿ ಮನೆ. ಮನೆ ಎಂದರೆ ಒಂದೇ ಕೋಣೆ; ಅಡುಗೆಮನೆ, ಬಚ್ಚಲು ಪಕ್ಕದ ಕೋಣೆಯವರ ಜೊತೆ ಪಾಲು. ಪಕ್ಕದ ಕೋಣೆಯಲ್ಲಿ ಮಂಗಳೂರಿನ ಫ್ಲಾವಿಯಾ ಅಕ್ಕ ಮತ್ತು ಅವರ ಗಂಡ. ಅಕ್ಕ ಒಂದು ದವಾಖಾನೆಯಲ್ಲಿ ನರ್ಸು. ಅವರ ಕನ್ನಡ ಸಾಲೆ ಪುಸ್ತಕ ಓದಿದ ಹಾಗಿರುತ್ತಿತ್ತು, ನನ್ನ ಕನ್ನಡಕ್ಕೆ ಅವರು ಎರಡೆರಡು ಸಲ "ಹಾಂ?" ಅನ್ನುತ್ತಿದ್ದರು. ಆದರೂ ಕನ್ನಡ ಕನ್ನಡವೇ. ಅಂಗಡಿಯಲ್ಲಿ ನನಗೆ ಗೊತ್ತಿದ್ದದ್ದು ಒಂದೇ ಅರಬ್ಬಿ ಮಾತು, "ಮಾಫಿ". ಇಲ್ಲ ಎಂದರ್ಥ. ಜೋಳದ ಹಿಟ್ಟು ಮಾಫಿ, ಗುರೆಳ್ಳು ಚಟ್ನಿ ಮಾಫಿ. ಖುಬ್ಜ್ ಎನ್ನುವ ದೊಡ್ಡ ಮೈದಾ ರೊಟ್ಟಿ ಬೇಕಾದಷ್ಟಿತ್ತು, ಬಿಸಿ ಇದ್ದಾಗ ಉಬ್ಬಿ ಚಂದ, ಆರಿದರೆ ಚಪ್ಪಲಿ. ಕೊನೆಗೆ ಒಂದು ಸಿಂಧಿ ಅಂಗಡಿಯಲ್ಲಿ ಜೋಳದ ಹಿಟ್ಟು ಹುಡುಕಿ ತಂದ ದಿನ ನಾನು ರೊಟ್ಟಿ ಬಡಿದ ಸಪ್ಪಳಕ್ಕೆ ಕೆಳಗಿನ ಮನೆಯವರು ಮೆಟ್ಟಿಲು ಹತ್ತಿ ಬಂದು, ಏನು ಒಡೆಯುತ್ತಿದ್ದೀರಿ ಎಂದು ಕೇಳಿದ್ದರು. ಅಷ್ಟು ಸಂತೋಷ ನನಗೆ ಆಮೇಲೆ ಬಹಳ ದಿನ ಆಗಲಿಲ್ಲ.

ಆ ಮನೆಯಲ್ಲಿ ಅಂಗಳವಿರಲಿಲ್ಲ. ಖರೇ ಹೇಳಬೇಕೆಂದರೆ ಅದಕ್ಕೆ ನಾನು ಒಳಗೊಳಗೇ ಖುಷಿಪಟ್ಟಿದ್ದೆ. ನರೇಗಲ್ಲಿನಲ್ಲಿ ಅತ್ತೆಯ ಒಂದು ಕಟ್ಟುನಿಟ್ಟಿತ್ತು. ಕಲಾಯಿ ಮಾಡಿ ಬಂದವರು ಹೊಸ್ತಿಲು ದಾಟುವಂತಿಲ್ಲ. ಅಂಗಳದ ಕಲ್ಲಿನ ಮೇಲೆ ಹುಣಸೆಹಣ್ಣು, ಬೂದಿ ಹಚ್ಚಿ ಮೊಣಕೈತನಕ ತೊಳೆಯಬೇಕು. ಕೆಲಸದ ಅಂಗಿ ಹೊರಗಿನ ಗೂಟಕ್ಕೆ. ಬೇರೆ ಲುಂಗಿ ಉಟ್ಟು ಒಳಗೆ ಬರಬೇಕು, ಆಮೇಲೆ ಮಕ್ಕಳನ್ನು ಮುಟ್ಟಬೇಕು. ಮಾವ ಹಸಿದು ಕಣ್ಣಿಗೆ ಕತ್ತಲೆ ಬಂದು ನಿಂತಿದ್ದರೂ ಅತ್ತೆ ಬಿಟ್ಟವರಲ್ಲ. ಹೊಸ ಸೊಸೆ ನಾನು, ಆ ನೀರು ಹೊತ್ತು ಹೊತ್ತು ನನ್ನ ಸೊಂಟ ಬಿದ್ದಿತ್ತು. ಮಸ್ಕತ್ತಿನಲ್ಲಿ ಯಜಮಾನರು ಬೂಟು ಕಳಚಿ ನೇರ ಒಳಗೆ ಬರುತ್ತಿದ್ದರು, ಹಸೀನಾ ಓಡಿ ಹೋಗಿ ಅವರ ಎದೆಗೆ ಏರುತ್ತಿದ್ದಳು, ಅಂಗಿಯ ಗುಂಡಿ ಬಾಯಲ್ಲಿಟ್ಟುಕೊಂಡು ಚೀಪುತ್ತಿದ್ದಳು. ನೋಡಲು ಚಂದ ಕಾಣುತ್ತಿತ್ತು. ಅತ್ತೆಯ ಕಟ್ಟುನಿಟ್ಟು ನಾನು ರೈಲು ಹತ್ತಿದ ಹೊಳೆಆಲೂರು ಸ್ಟೇಷನ್ನಿನಲ್ಲೇ ಉಳಿಯಿತು ಅಂದುಕೊಂಡಿದ್ದೆ.

ಹಸೀನಾಗೆ ಎರಡು ತುಂಬಿತು. ಊರಿನಿಂದ ಬರುವಾಗ "ಅವ್ವಾ", "ಬಾ", "ಕೊಡು" ಅನ್ನುತ್ತಿದ್ದ ಹುಡುಗಿ "ಕೊಡು" ಅನ್ನುವುದನ್ನು ಬಿಟ್ಟಳು. ಆಮೇಲೆ "ಬಾ" ಹೋಯಿತು. ಹೊಟ್ಟೆ ಹಿಡಿದು ಅಳುವುದು, ತುತ್ತು ಕೊಟ್ಟರೆ ಮುಖ ತಿರುಗಿಸುವುದು, ಕಾರಣವಿಲ್ಲದೆ ಕಿರುಚುವುದು. ಮಾತು ತಡವಾಗಿ ಬರುವ ಮಕ್ಕಳು ಇರುತ್ತಾರೆ, ಬಂದ ಮಾತು ಹೋಗುವ ಮಕ್ಕಳನ್ನು ನಾನು ನೋಡಿರಲಿಲ್ಲ. ದಿನಾ ಬೆಳಿಗ್ಗೆ ಅವಳ ಎದುರಿಗೆ ಕುಳಿತು "ಬಾ ಅನ್ನು, ಬಾ ಅನ್ನು" ಎಂದು ಬೇಡುತ್ತಿದ್ದೆ. ಅವಳು ನನ್ನ ತುಟಿ ನೋಡುತ್ತಾ ಸುಮ್ಮನಿರುತ್ತಿದ್ದಳು.

ಒಂದು ಶುಕ್ರವಾರ ನಾನು ಬಚ್ಚಲಲ್ಲಿ ಬಟ್ಟೆ ನೆನೆಸುತ್ತಿದ್ದಾಗ ಫ್ಲಾವಿಯಾ ಅಕ್ಕ ಬಾಗಿಲಲ್ಲಿ ನಿಂತರು.

"ಇದು ಎಂತ? ನೀರು ಯಾಕೆ ಇಷ್ಟು ಕಪ್ಪು?"

"ನಮ್ಮನಿಯವರ ಯೂನಿಫಾರಂ ಅಕ್ಕ. ಗುಂಡಿನ ಪುಡಿ."

"ಗುಂಡು ಎಂದರೆ ಸೀಸ ಅಲ್ವಾ? ಅದರಲ್ಲಿಯೇ ಮಗುವಿನ ಫ್ರಾಕ್ ಹಾಕಿದ್ದೀರಾ?" ಅವರ ದನಿ ಇಳಿಯಿತು. "ರಾಜಮಾ, ನಾಳೆ ಮಗುವನ್ನು ದವಾಖಾನೆಗೆ ಕರೆದುಕೊಂಡು ಬನ್ನಿ. ರಕ್ತ ನೋಡಿಸುವ. ಈಗ ಹೆದರುವುದು ಬೇಡ."

ಹೆದರುವುದು ಬೇಡ ಎಂದು ನರ್ಸು ಹೇಳಿದರೆ ಯಾರು ಹೆದರುವುದಿಲ್ಲ? ಅಂಗಡಿಗೆ ಓಡಿ ಫೋನ್ ಕಾರ್ಡು ತಂದು ಅತ್ತೆಗೆ ಹಚ್ಚಿದೆ. ಓಣಿಯ ಒಬ್ಬರ ಮೊಬೈಲಿಗೆ ಫೋನು, ಅತ್ತೆ ಬರುವತನಕ ಕಾಯಬೇಕು. ಬಂದರು. ನಾನು ಎಲ್ಲ ಹೇಳಿ, "ಅತ್ತೀ, ಕೈ ತೊಳಕೊಂಡ ಒಳಗ ಬರಬೇಕು ಅಂತ ನೀವು ಯಾಕ ಅಂತಿದ್ರಿ?" ಎಂದು ಕೇಳಿದೆ.

ಅತ್ತೆ ಮೊಬೈಲಿನವರನ್ನು ತುಸು ಆಚೆ ಹೋಗಲು ಹೇಳಿದ್ದು ಕೇಳಿಸಿತು.

"ನಿಮ್ಮ ಭಾವ ಹುಟ್ಟಿದಾಗ ನನಗೇನು ತಿಳೀತಿತ್ತವಾ," ಎಂದರು. "ಆಗ ತವರದಾಗ ಸೀಸ ಬೆರಸ್ತಿದ್ರು, ಅಗ್ಗ ಬೀಳತಿತ್ತು. ನಿಮ್ಮ ಮಾವ ಹಂಗ ಬಂದು ಕೂಸಿನ ಎತಗೊಂತಿದ್ರು. ಅಂವ ಮೂರು ವರ್ಷ ಆದ್ರೂ ಮಾತಾಡಲಿಲ್ಲ. ಒಬ್ಬ ಹಕೀಮರು ಬೈದು ಹೇಳಿದ್ರು, ಆ ಮಸಿ ಮಕ್ಕಳಿಗೆ ಆಗಿ ಬರೂದಿಲ್ಲ ಅಂತ. ಅವತ್ತ ಸೀಸ ಬಿಡಿಸಿದೆ, ನೀರು ಇಟ್ಟೆ. ನಿನ್ನ ಗಂಡ ಉಳದ. ನನಗ ಹೇಳಾಕ ನಾಚಿಕಿ ಬಂತು ಯವ್ವಾ, ಅದಕ್ಕ ಬರೀ ಕಟ್ಟುನಿಟ್ಟು ಮಾಡಿದೆ."

ನನ್ನ ಭಾವ ಹುಸೇನಸಾಬ್ ನಲವತ್ತರ ಹತ್ತಿರದವರು. ಆಡು ಕಾಯುತ್ತಾರೆ, ಕರೆದರೆ ನಗುತ್ತಾರೆ, ನಾಲ್ಕಾರು ಮಾತು ಬಿಟ್ಟರೆ ಆಡುವುದಿಲ್ಲ. ಹುಟ್ಟಿನಿಂದಲೇ ಹಾಗೆ ಎಂದುಕೊಂಡಿದ್ದೆವು. ಹಸೀನಾಳನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡೆ. ಕಾರ್ಡಿನ ಹೊತ್ತು ಮುಗಿದು ಸಂಪರ್ಕ ತಾನೇ ಕಡಿಯಿತು.

ರಕ್ತದ ವರದಿ ಬಂತು. ಹಸೀನಾಳ ರಕ್ತದಲ್ಲಿ ಇರಬಾರದಷ್ಟು ಸೀಸ. ಡಾಕ್ಟರು ಗಾಬರಿಪಡಿಸಲಿಲ್ಲ, ಸುಳ್ಳು ಧೈರ್ಯವನ್ನೂ ಕೊಡಲಿಲ್ಲ. ಧೂಳು ಮನೆಗೆ ಬರುವುದು ಮೊದಲು ನಿಲ್ಲಬೇಕು, ಹಾಲು, ಸೊಪ್ಪು ಚೆನ್ನಾಗಿ ತಿನ್ನಿಸಿ, ಮೂರು ತಿಂಗಳಿಗೆ ಮತ್ತೆ ನೋಡೋಣ ಎಂದರು. ಮಾತು ಬರುತ್ತದೆಯೇ ಎಂದು ಫ್ಲಾವಿಯಾ ಅಕ್ಕನ ಮೂಲಕ ಕೇಳಿಸಿದೆ. ಬರಬಹುದು ಎಂದರು. ಆ "ಬಹುದು" ಹಿಡಿದುಕೊಂಡು ಮೂರು ತಿಂಗಳು ಬದುಕಬೇಕಿತ್ತು.

ಅವತ್ತೇ ಬಾಗಿಲ ಹೊರಗೆ, ಮೂರನೆಯ ಮಹಡಿಯ ಮೆಟ್ಟಿಲ ಬಳಿ, ಒಂದು ನೀಲಿ ಬಕೆಟ್ಟಿನಲ್ಲಿ ನೀರು ತುಂಬಿ ಇಟ್ಟೆ. ಪಕ್ಕದಲ್ಲಿ ಸಾಬೂನು, ಗೋಡೆಗೆ ಮೊಳೆ, ಮೊಳೆಗೆ ಲುಂಗಿ. ಯಜಮಾನರು ನಾಚಿದರು. "ನಾಕು ಮಂದಿ ಓಡಾಡೋ ಜಾಗದಾಗ ಹ್ಯಾಂಗ ಬಟ್ಟಿ ಬಿಚ್ಚಲಿ?"

"ನಾಕು ಮಂದಿ ನಗಲಿ. ನನ್ನ ಮಗಳು ಮಾತಾಡಿದ್ರ ಸಾಕು. ನಾಳೆ ನಿಮ್ಮ ಸಾಹೇಬರ ಮುಂದ ಹೇಳ್ರಿ."

"ಹೇಳಿದ್ರ ನನ್ನ ರಕ್ತಾನೂ ನೋಡ್ತಾರ. ಕೆಟ್ಟೇತಿ ಅಂದ್ರ ವೀಸಾ ಕಿತ್ತು ಊರಿಗೆ ಅಟ್ಟತಾರ. ಊರಾಗ ಏನ್ ಮಾಡ್ಲಿ? ಸ್ಟೀಲಿಗೆ ಕಲಾಯಿ ಹಾಕ್ಲಾ?"

ಜಗಳ ಜೋರಾಯಿತು. ನಡುವೆ ಹಸೀನಾ ಬಂದು ಅಪ್ಪನ ಕಡೆ ಎರಡೂ ಕೈ ಚಾಚಿದಳು. ಅವರು ಎತ್ತಿಕೊಳ್ಳಲು ಬಾಗಿದವರು ತಮ್ಮ ಅಂಗಿ ನೋಡಿಕೊಂಡು ಹಿಂದೆ ಸರಿದರು. ಅವಳು ಅತ್ತಳು. ಇವರೂ ಅತ್ತರು. ಮರುದಿನ ಹೋಗಿ ಹೇಳಿದರು.

ದೇವರು ದೊಡ್ಡವನು, ಅಟ್ಟಲಿಲ್ಲ. ತರಬೇತಿಗೆ ಬರುವ ಕಾವಲುಗಾರರಿಗೂ ತಲೆನೋವು, ಬಾಯೆಲ್ಲ ಲೋಹದ ರುಚಿ ಎಂಬ ದೂರು ಮೊದಲೇ ಬಂದಿತ್ತಂತೆ. ಸೀಸವಿಲ್ಲದ ಗುಂಡು ತರಿಸುವ ಮಾತು ನಡೆದಿತ್ತಂತೆ. ಕೆಲವು ವಾರಗಳಲ್ಲಿ ಪೆಟ್ಟಿಗೆಗಳು ಬಂದವು. ಯಜಮಾನರು ಬಕೆಟ್ಟಿನಲ್ಲಿ ಕೈ ತೊಳೆಯುತ್ತಲೇ ಕೂಗಿದರು. "ರಸಾಸ್ ಮಾಫಿ! ರಸಾಸ್ ಮಾಫಿ!" ರಸಾಸ್ ಎಂದರೆ ಸೀಸ. ಸೀಸ ಇಲ್ಲ.

ಆದರೆ ಅವರು ಪೆಟ್ಟಿಗೆಯ ಮೇಲಿನ ಬರಹ ನಂಬಿ ಬಂದಿರಲಿಲ್ಲ. ಕಲಾಯಿಗಾರನ ಮಗ. ಗಿರಾಕಿಗೆ ಮೋಸವಾಗಬಾರದೆಂದು ಮಾವ ತವರದ ಕಡ್ಡಿಯನ್ನು ಬಿಳಿ ಹಾಳೆಯ ಮೇಲೆ ಉಜ್ಜಿ ತೋರಿಸುತ್ತಿದ್ದರು, ಸೀಸ ಬೆರೆತಿದ್ದರೆ ಪೆನ್ಸಿಲಿನಂತೆ ಕರಿಗೆರೆ ಬೀಳುತ್ತದೆ. ಇವರೂ ಕ್ಲಬ್ಬಿನಲ್ಲೇ ಹಳೆಯ ಗುಂಡು ಒಂದು, ಹೊಸದು ಒಂದು ಹಾಳೆಯ ಮೇಲೆ ಉಜ್ಜಿ, ಆ ಹಾಳೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ತಂದಿದ್ದರು. ಒಂದು ಕಡೆ ದಪ್ಪ ಕರಿಗೆರೆ. ಇನ್ನೊಂದು ಕಡೆ ಏನೂ ಇಲ್ಲದಷ್ಟು ತೆಳ್ಳಗೆ, ತಾಮ್ರದ ಛಾಯೆ. "ತಾಮ್ರದ ಪುಡಿ, ತವರದ ಪುಡಿ ಒತ್ತಿ ಮಾಡಿದ್ದು. ಕೆಳಗ ಕಿಡಿ ಹೊತ್ತಸೋ ಮದ್ದಿನಾಗೂ ಸೀಸ ಇಲ್ಲಂತ," ಎಂದರು. ಚೀಲ ಬಿಚ್ಚಲು ನಾನು ಬಿಡಲಿಲ್ಲ. ಹೊರಗಿನಿಂದಲೇ ನೋಡಿ ಎಸೆಯಲು ಹೇಳಿದೆ.

ಹೊಸ ಗುಂಡು ಬಂದ ಮಾತ್ರಕ್ಕೆ ನನ್ನ ಭಯ ಹೋಗಲಿಲ್ಲ. ಶೋಕಿಗೆ ಹೊಡೆಯುವವರು ಕೆಲವರು ಹಳೆಯದೇ ಬೇಕು, ಅದರ ಪೆಟ್ಟೇ ಬೇರೆ ಎಂದು ಹಟ ಹಿಡಿದರು, ಅವರಿಗಾಗಿ ಅರ್ಧ ಜಾಗ ಹಾಗೇ ಉಳಿಯಿತು. ಗೋಡೆಯ ಸಂದಿಯಲ್ಲಿ, ಫ್ಯಾನಿನ ರೆಕ್ಕೆಯ ಮೇಲೆ ವರ್ಷಗಳ ಧೂಳು ಕೂತಿತ್ತು. ಕಸಬರಿಗೆ ಬಿಟ್ಟು ಒದ್ದೆ ಬಟ್ಟೆಯಲ್ಲಿ ಒರೆಸುವ ನಿಯಮ ಬಂತು, ಬಾಯಿಗೆ ಮುಸುಕು ಬಂತು. ತಾಮ್ರದ ಪುಡಿಗೂ ಕೆಮ್ಮು ಬರುತ್ತದೆ, ಸೀಸವಿಲ್ಲ ಎಂದರೆ ಧೂಳಿಲ್ಲ ಎಂದಲ್ಲ. ಬಕೆಟ್ಟು ನಾನು ತೆಗೆಯಲಿಲ್ಲ. ಯಾರು ಬಾಗಿಲಿಗೆ ಬಂದರೂ, ಹಾಲಿನವನಾದರೂ, ಮಗುವನ್ನು ಮುಟ್ಟುವ ಮೊದಲು "ಕೈ ತೊಳೀರಿ" ಅನ್ನುತ್ತಿದ್ದೆ. ಮೆಟ್ಟಿಲಲ್ಲಿ ನನ್ನ ಹೆಸರೇ ಬಕೆಟ್ ಆಂಟಿ ಎಂದಾಯಿತು.

ಮೂರು ತಿಂಗಳಿಗೆ ರಕ್ತದ ಸೀಸ ಇಳಿಯಿತು. ಆರು ತಿಂಗಳಿಗೆ ಇನ್ನೂ ಇಳಿಯಿತು. ಅಳು ಕಡಿಮೆಯಾಯಿತು, ಉಣ್ಣತೊಡಗಿದಳು. "ಬಾ" ಮರಳಿ ಬಂತು, "ನೀರು" ಬಂತು, ಫೋನಿನಲ್ಲಿ ಅಜ್ಜಿಯ ದನಿ ಕೇಳಿ "ಆಯಿ" ಎನ್ನುವುದು ಬಂತು. ಬಿಡಿ ಬಿಡಿ ಮಾತು, ಒಂದಕ್ಕೊಂದು ಕೂಡುತ್ತಿರಲಿಲ್ಲ. ಅತ್ತೆ ಪ್ರತಿ ಫೋನಿನಲ್ಲೂ ಒಂದೇ ಹಟ. "ಆ ಮದ್ದುಗುಂಡಿನ ಊರಾಗ ಕೂಸು ಬ್ಯಾಡ. ತಂದು ನನಗ ಕೊಡು." ನನಗೂ ಸರಿ ಅನ್ನಿಸಿತು. ರಜೆ ಸಿಕ್ಕಾಗ ಹಸೀನಾಳನ್ನು ನರೇಗಲ್ಲಿನಲ್ಲೇ ಬಿಟ್ಟು ಬರುವುದೆಂದು ಗಟ್ಟಿ ಮಾಡಿಕೊಂಡು ಹೊರಟೆವು.

ಮುಂಬಯಿಯಿಂದ ರೈಲು, ಹೊಳೆಆಲೂರಿನಲ್ಲಿ ಇಳಿದು ಟೆಂಪೋ. ರೋಣ ದಾಟಿ ಕರಿ ಹೊಲ ಕಂಡಾಗ ಎದೆ ಹಗುರಾಯಿತು. ಇಲ್ಲಿಯ ಧೂಳು ಬರೀ ಮಣ್ಣು ಎಂದು ಬಾಯಿ ತೆರೆದು ಉಸಿರೆಳೆದೆ. ಅತ್ತೆ ಅಂಗಳದಲ್ಲೇ ಚೊಂಬು ಹಿಡಿದು ನಿಂತಿದ್ದರು, ನಮ್ಮ ಕಾಲಿಗೆ ನೀರು ಹಾಕಲು. ಒಂದು ಮೂಲೆಯಲ್ಲಿ ಭಾವ ಆಡಿನ ಹಗ್ಗ ಹಿಡಿದು ನಗುತ್ತಿದ್ದರು. ಮೊಮ್ಮಗಳನ್ನು ಕಂಡದ್ದೇ ಅತ್ತೆಗೆ ನೀರು ಗೀರು ಎಲ್ಲ ಮರೆತುಹೋಗಿ, "ನನ್ನ ಬಂಗಾರಾ" ಎಂದು ಎರಡೂ ಕೈ ಚಾಚಿ ಓಡಿ ಬಂದರು.

ಹಸೀನಾ ನನ್ನ ಸೀರೆಯ ಹಿಂದೆ ಸರಿದಳು. ಒಂದು ಕೈ ಮುಂದೆ ಮಾಡಿ ತಡೆದಳು.

"ಆಯಿ, ಮೊದಲ ಕೈ ತೊಳಿ. ಆಮ್ಯಾಲ ಮುಟ್ಟು."

ಅದು ಅವಳು ಆಡಿದ ಮೊದಲ ಪೂರ್ತಿ ಮಾತು. ಎಷ್ಟು ತಿಂಗಳು ನಾನು ಅವಳ ತುಟಿ ನೋಡುತ್ತಾ ಕುಳಿತಿದ್ದೆ, ಬಂದದ್ದು ನನ್ನದೇ ಭಯ. ಕುಣಿಯಬೇಕೋ ಅಳಬೇಕೋ ತಿಳಿಯದೆ ಟೆಂಪೋದ ಬಾಗಿಲು ಹಿಡಿದು ನಿಂತುಬಿಟ್ಟೆ.

ಅತ್ತೆ ಅಲ್ಲೇ ನಿಂತರು. ಮುಖದಲ್ಲಿ ಸಿಟ್ಟಿರಲಿಲ್ಲ. ಅಂಗಳದ ಆ ಹಳೆಯ ಕಲ್ಲಿನ ಬಳಿ ಹೋಗಿ ಕುಕ್ಕರುಗಾಲಲ್ಲಿ ಕುಳಿತು, ಒಲೆಯ ಬೂದಿ ತೆಗೆದುಕೊಂಡು ಮೊಣಕೈತನಕ ತಿಕ್ಕಿ, ನಮ್ಮ ಕಾಲಿಗೆಂದು ತಂದ ನೀರನ್ನು ತಮ್ಮ ಕೈಗೆ ಸುರಿದುಕೊಂಡರು. ಆಗ ಭಾವ ಆಡಿನ ಹಗ್ಗ ಬಿಟ್ಟು ಬಂದರು. ಯಾರೂ ಕರೆದಿರಲಿಲ್ಲ. ತಾಯಿಯ ಪಕ್ಕ ಕುಳಿತು ತಮ್ಮ ಎರಡೂ ಕೈಗಳನ್ನು ಆ ನೀರಿಗೆ ಒಡ್ಡಿದರು. ಅತ್ತೆ ಮಗನ ಕೈ ತೊಳೆಯುತ್ತಾ ಸದ್ದಿಲ್ಲದೆ ಅತ್ತರು. ನಲವತ್ತು ವರ್ಷ ತಡವಾಗಿತ್ತು.

ಹಸೀನಾಳನ್ನು ಬಿಟ್ಟು ಬರಲು ನನ್ನಿಂದ ಆಗಲಿಲ್ಲ. ಹೆದರಿಕೆ ಮಸ್ಕತ್ತಿನದು, ನೆಮ್ಮದಿ ನರೇಗಲ್ಲಿನದು ಎಂದು ಹಂಚಿಕೊಂಡಿದ್ದೆ. ಆ ಅಂಗಳದಲ್ಲಿ ಅತ್ತೆ ಭಾವನ ಕೈ ತೊಳೆದದ್ದು ನೋಡಿದ ಮೇಲೆ ಆ ಲೆಕ್ಕ ನಿಲ್ಲಲಿಲ್ಲ, ಅದೇ ಹೆದರಿಕೆ ಅಲ್ಲಿ ನನಗಿಂತ ಮೊದಲೇ ಇತ್ತು. ಈಗ ಇಲ್ಲಿ ಮೂರನೆಯ ಮಹಡಿಯಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ಯಜಮಾನರು ಬರುವ ಹೊತ್ತಾಯಿತು. ಹಸೀನಾ ಬಕೆಟ್ಟಿಗೆ ಚೊಂಬಿನಿಂದ ನೀರು ತುಂಬುತ್ತಿದ್ದಾಳೆ. ಅಪ್ಪನಿಗೆ ಒಂದು ಚೊಂಬು, ಆಯಿಗೆ ಒಂದು ಚೊಂಬು, ದೊಡ್ಡಪ್ಪನಿಗೆ ಒಂದು ಚೊಂಬು ಎಂದು ಹೇಳಿಕೊಳ್ಳುತ್ತಾ.