ಪೊಟ್ಟಣ ತಂದ ಅಪ್ಪ ಅಮ್ಮ

ಶಿಡ್ಲಘಟ್ಟದ ನನ್ನ ಕ್ಲಿನಿಕ್ಕಿಗೆ ಬೆಳಿಗ್ಗೆ ಬರುವವರಲ್ಲಿ ಅರ್ಧ ಮಂದಿ ರೇಷ್ಮೆಗೂಡಿನ ಮಾರುಕಟ್ಟೆಯಿಂದ ನೇರವಾಗಿ ಬಂದವರು. ಗೂಡು ಮಾರಿ, ಟೀ ಕುಡಿದು, ಹೇಗೂ ಊರಿಗೆ ಬಂದಿದ್ದೇವಲ್ಲ ಎಂದು ಬಿಪಿಯನ್ನೂ ನೋಡಿಸಿಕೊಂಡು ಹೋಗುತ್ತಾರೆ. ಆ ದಿನ ಬಂದ ಗಂಡ ಹೆಂಡತಿಯೂ ಹಾಗೇ ಎಂದುಕೊಂಡೆ. ಇಬ್ಬರೂ ನನ್ನ ಹಳೆಯ ಪೇಷೆಂಟುಗಳು, ರೇಷ್ಮೆ ಹುಳು ಸಾಕುವವರು. ಗಂಡ ಬಾಗಿಲು ಹಾಕಿ, ಒಳಜೇಬಿನಿಂದ ಪೇಪರಿನ ಸಣ್ಣ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟರು. ಬಿಚ್ಚುವ ಮೊದಲೇ ವಾಸನೆಯಲ್ಲಿ ಗೊತ್ತಾಯಿತು, ಗಾಂಜಾ.

ಮಗನ ಬ್ಯಾಗಿನಲ್ಲಿ ಸಿಕ್ಕಿತ್ತಂತೆ. ಮಗ ಹತ್ತೊಂಬತ್ತರವನು, ಚಿಕ್ಕಬಳ್ಳಾಪುರದಲ್ಲಿ ಡಿಗ್ರಿ ಓದುತ್ತಾ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದ. ಕೇಳಿದ್ದಕ್ಕೆ, ಎರಡು ಮೂರು ತಿಂಗಳಿಂದ ಸ್ನೇಹಿತರ ಜೊತೆ ಸೇದುತ್ತಿದ್ದೇನೆ ಎಂದು ಒಪ್ಪಿಕೊಂಡಿದ್ದ. ನಾನು ಸಮಾಧಾನದ ಮಾತು ಹುಡುಕುತ್ತಿರುವಾಗ ಗಂಡ ಕೇಳಿದರು:

"ಮೇಡಂ, ಇದನ್ನ ಸೇದಿದ ಕೈಯಲ್ಲೇ ಸೊಪ್ಪು ಹಾಕಿದಾನೆ. ಏನಾದ್ರೂ ಆಗುತ್ತಾ?"

"ಯಾರಿಗೆ?"

"ಹುಳಕ್ಕೆ."

ಹೆಂಡತಿ ತೆಲುಗಿನಲ್ಲಿ ಗಂಡನ ಜನ್ಮ ಜಾಲಾಡಿದರು. ಆಮೇಲೆ ನನ್ನ ಕಡೆ ತಿರುಗಿ, "ಹುಳ ಹಾಳಾಗೋಗ್ಲಿ. ನನ್ನ ಮಗಂಗೆ ಹುಚ್ಚು ಹಿಡಿಯುತ್ತಾ, ಅದು ಹೇಳಿ ಮೇಡಂ" ಎಂದರು.

ನನಗೆ ನಗು ತಡೆಯಲಾಗಲಿಲ್ಲ. ಆದರೆ ಹುಳು ಸಾಕುವವರಿಗೆ ಅದು ನಗುವ ಪ್ರಶ್ನೆಯಲ್ಲ. ಹುಳು ಮನೆಯ ಹತ್ತಿರ ಬೀಡಿ ಸೇದಿದವರನ್ನು ಬಿಟ್ಟುಕೊಳ್ಳುವುದಿಲ್ಲ, ಹೊಗೆಸೊಪ್ಪಿನ ಸೋಂಕು ತಗುಲಿದರೂ ಇಡೀ ಬೆಳೆ ಹೋದೀತೆಂಬ ಭಯ.

ನನಗೆ ಮಾತು ಸ್ವಲ್ಪ ಜಾಸ್ತಿ. ಗೊತ್ತಿರುವ ವಿಷಯ ಸಿಕ್ಕಿತೆಂದರೆ ಕೇಳಲೇಬೇಡಿ. ಅವರ ದಾರಿಯಲ್ಲೇ ಶುರು ಮಾಡಿದೆ.

"ಎಳೇ ಹುಳಕ್ಕೆ ಯಾಕೆ ಅಷ್ಟು ಜೋಪಾನ ಮಾಡ್ತೀರಿ?"

"ಆಗ ಏಟು ಬಿದ್ರೆ ಮುಂದೆ ಗೂಡು ಸರಿಯಾಗಿ ಕಟ್ಟಲ್ಲ ಮೇಡಂ."

"ನಿಮ್ಮ ಮಗನ ಮೆದುಳೂ ಇನ್ನೂ ಎಳೇದೇ. ಇಪ್ಪತ್ತೈದರ ಹತ್ರ ಹೋಗೋವರೆಗೂ ಬೆಳೀತಾನೇ ಇರುತ್ತೆ."

ಆಮೇಲೆ ಎಲ್ಲವನ್ನೂ ಹೇಳಿದೆ. ಮೇಲಿಂದ ಮೇಲೆ ಸೇದಿದರೆ ನೆನಪು, ಗಮನ ಮಂಕಾಗುತ್ತವೆ. ಹೊಗೆ ಯಾವುದಾದರೂ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಕೆಲವರಿಗೆ ಚಟವಾಗಿ ಅಂಟಿಕೊಳ್ಳುತ್ತದೆ. ಸೇದಿ ಬೈಕ್ ಹತ್ತಿದರಂತೂ ದೇವರೇ ಗತಿ. ಹಾಗೆಂದು ಒಂದು ದಮ್ಮಿಗೆ ಎಲ್ಲರಿಗೂ ಹುಚ್ಚು ಹಿಡಿಯುವುದಿಲ್ಲ, ಹೆದರಿಸಲು ಸುಳ್ಳು ಹೇಳಬೇಡಿ ಎಂದೂ ಹೇಳಿದೆ. ಸುಳ್ಳು ಎಂದು ಒಮ್ಮೆ ಗೊತ್ತಾದರೆ ಅವನು ನಿಮ್ಮ ನಿಜವನ್ನೂ ನಂಬುವುದಿಲ್ಲ. ಹೆಂಡತಿಯ ಮುಖ ಸ್ವಲ್ಪ ಸಡಿಲವಾಯಿತು.

ಮೊದಲು ಕೇಳಬೇಕಾದ ಪ್ರಶ್ನೆಯನ್ನು ಇಷ್ಟೆಲ್ಲ ಭಾಷಣ ಆದಮೇಲೆ ಕೇಳಿದೆ. ಅದಕ್ಕೆ ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟಿದೆ.

"ಮನೇಲಿ ಯಾರಿಗಾದ್ರೂ ಮನಸ್ಸಿನ ಕಾಯಿಲೆ ಇದೆಯಾ?"

ಗಂಡ ಬಿಪಿ ಮೆಷಿನ್ನನ್ನೇ ನೋಡುತ್ತಾ ಕೂತರು. "ಹೇಳಿ" ಎಂದರು ಹೆಂಡತಿ, ಈ ಸಲ ಮೆಲ್ಲಗೆ.

ಗಂಡನಿಗೊಬ್ಬ ತಮ್ಮ. ಇಪ್ಪತ್ತೆರಡನೇ ವಯಸ್ಸಿಗೆ ಅವನಿಗೆ ಯಾರೂ ಆಡದ ಮಾತುಗಳು ಕೇಳಿಸತೊಡಗಿದವು. ಮುರುಗಮಲ್ಲದ ದರ್ಗಾಕ್ಕೆ ಕರೆದುಕೊಂಡು ಹೋದರು, ಆಮೇಲೆ ಬೆಂಗಳೂರಿನ ಆಸ್ಪತ್ರೆಗೆ. ಈಗ ದಿನಾ ಮಾತ್ರೆ ತಗೊಂಡು, ಕೈವಾರದ ಹತ್ತಿರ ಸೋದರತ್ತೆಯ ಮನೆಯಲ್ಲಿ ಹಸು ನೋಡಿಕೊಂಡು ಚೆನ್ನಾಗಿದ್ದಾನೆ. ಆದರೆ ವಿಷಯ ಹೊರಬಿದ್ದರೆ ಮಗಳಿಗೆ ಗಂಡು ಸಿಗಲಿಕ್ಕಿಲ್ಲವೆಂದು ಹೆದರಿ, ಚಿಕ್ಕಪ್ಪ ಜಮೀನಿನ ಭಾಗಕ್ಕೆ ಜಗಳ ಮಾಡಿಕೊಂಡು ದೂರವಾದ ಎಂದು ಮಕ್ಕಳಿಗೆ ಹೇಳಿಟ್ಟಿದ್ದರು. ಮಗಳ ಮದುವೆಯಾದರೂ ಕಥೆ ಹಾಗೇ ಉಳಿದಿತ್ತು. ಹುಳುವಿನ ಮೊಟ್ಟೆ ನೋಡಿ ಬರುತ್ತೇನೆಂದು ಹೊರಟು ಈ ಮನುಷ್ಯ ತಿಂಗಳಿಗೊಮ್ಮೆ ತಮ್ಮನನ್ನು ನೋಡಿ ಬರುತ್ತಿದ್ದರು.

"ಇದು ನಿಮ್ಮ ಮಗಂಗೆ ಗೊತ್ತಾಗ್ಲೇಬೇಕು" ಎಂದೆ. "ಇಂಥ ಕಾಯಿಲೆ ರಕ್ತಸಂಬಂಧದಲ್ಲಿ ಇದ್ರೆ ಗಾಂಜಾ ಅದನ್ನ ಎಬ್ಬಿಸೋ ಅಪಾಯ ಜಾಸ್ತಿ. ಬಂದೇ ಬರುತ್ತೆ ಅಂತಲ್ಲ. ಆದ್ರೆ ಸ್ನೇಹಿತರಿಗೆ ಏನೂ ಆಗ್ಲಿಲ್ಲ, ನಂಗೂ ಆಗಲ್ಲ ಅಂತ ಅವನು ಅಂದ್ಕೊಂಡಿರ್ತಾನಲ್ಲ."

"ಇಷ್ಟು ವರ್ಷದ ಸುಳ್ಳು ಮೇಡಂ. ಮುಖಕ್ಕೆ ಉಗೀತಾನೆ" ಎಂದರು ಗಂಡ.

"ಉಗೀಲಿ, ಒರೆಸ್ಕೊಳ್ಳಿ" ಎಂದುಬಿಟ್ಟೆ. ಅವರ ಕಣ್ಣು ತುಂಬಿದ್ದು ನೋಡಿ ನಾಲಿಗೆ ಕಚ್ಚಿಕೊಂಡೆ. ಬೇಕಾದರೆ ಇಲ್ಲಿಗೇ ಕರೆತನ್ನಿ, ನಾನೂ ಜೊತೆಗಿರುತ್ತೇನೆ ಎಂದೆ. ಬೇಡ, ನಾನೇ ಹೇಳ್ತೀನಿ ಎಂದು ಎದ್ದರು.

ಹೋಗುವಾಗ ಪೊಟ್ಟಣವನ್ನು ನನ್ನ ಮೇಜಿನ ಮೇಲೇ ಬಿಟ್ಟು ಹೋದರು ಪುಣ್ಯಾತ್ಮರು! ಮುಂದಿನ ಪೇಷೆಂಟು ರಿಟೈರ್ಡ್ ಮೇಷ್ಟ್ರು. ನಾನು ಅದರ ಮೇಲೆ ಚೀಟಿ ಬರೆಯುವ ಪ್ಯಾಡ್ ಇಟ್ಟು, ಏನೂ ಆಗದವಳಂತೆ ಅವರ ಮಂಡಿ ನೋವು ಕೇಳಿದೆ. ಅವರು ಎರಡು ಸಲ ಮೂಗರಳಿಸಿ ಸುತ್ತ ನೋಡಿದರು. ಅವರು ಹೋದದ್ದೇ ತಡ, ಅದನ್ನು ಟಾಯ್ಲೆಟ್ಟಿಗೆ ಹಾಕಿ ಎರಡು ಬಕೆಟ್ ನೀರು ಸುರಿದೆ.

ಮೂರು ವಾರದ ಮೇಲೆ ಮಗ ಒಬ್ಬನೇ ಬಂದ. "ಬೈತಾರೆ ಅಂತ ರೆಡಿಯಾಗಿದ್ದೆ ಮೇಡಂ. ಅಪ್ಪ ಅತ್ಬಿಟ್ರು" ಎಂದ. ಮರುದಿನವೇ ಚಿಕ್ಕಪ್ಪನನ್ನು ನೋಡಬೇಕೆಂದು ಹಟ ಹಿಡಿದು ಅಪ್ಪನ ಜೊತೆ ಹೋಗಿದ್ದನಂತೆ. ಇಷ್ಟು ವರ್ಷ ನಿಮ್ಮನ್ನು ಬೈದುಕೊಂಡೇ ಬೆಳೆದೆ ಎಂದು ಹೇಳಿದರೆ ಆತ ಜೋರಾಗಿ ನಕ್ಕು, "ಎಷ್ಟು ಎಕರೆಗೆ ಜಗಳ ಆಡಿದ್ನಂತೆ ನಾನು?" ಎಂದು ಕೇಳಿದನಂತೆ. ಹುಡುಗನೂ ಅದನ್ನು ಹೇಳುತ್ತಾ ನಕ್ಕ, ನಾನೂ ನಕ್ಕೆ.

"ಚಿಕ್ಕಪ್ಪಂಗೆ ಗಾಂಜಾ ವಿಷಯ ಹೇಳಿದ್ಯಾ?"

"ಹೇಳ್ದೆ ಮೇಡಂ. ಊಟ ಆದ್ಮೇಲೆ ಮಾತ್ರೆ ತಗೋತಾ ಇದ್ರು. ನನ್ನೇ ನೋಡ್ಕೊಂಡು ಅಂದ್ರು, 'ನಂಗೆ ಕರೀದೇನೇ ಬಂತು ಕಣಪ್ಪ. ನೀನು ಕರೀಬೇಡ.'"