ನೂರೇ ಪ್ರತಿಗಳ ಪುಸ್ತಕ

ಮಾನ್ಯ ಓದುಗರ ಸನ್ನಿಧಿಗೆ, ಕೊಣ್ಣೂರಿನ ಪ್ರಾಥಮಿಕ ಶಾಲೆಯ ಶಿಕ್ಷಕಿಯಾದ ನಾನು ಸವಿನಯವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಶಾಲೆಯ ಅರ್ಜಿ, ವರದಿಗಳ ಹೊರತು ಬೇರೇನನ್ನೂ ಬರೆದು ನನಗೆ ರೂಢಿಯಿಲ್ಲ. ಕಾಗುಣಿತ ತಪ್ಪಿದ್ದಲ್ಲಿ, ಅಕ್ಷರ ವಕ್ರವಾಗಿದ್ದಲ್ಲಿ ಮನ್ನಿಸಬೇಕು. ಇದು ನನ್ನ ಹಾಡಿನ ಗುರುಗಳಾದ ಪೇಟಿ ಮಾಸ್ತರರ ಪುಸ್ತಕವೊಂದರ ಸಂಗತಿ.

ಸದರಿ ಪೇಟಿ ಮಾಸ್ತರರ ಬಲಗೈ ಬೆರಳುಗಳು ಎಂದೂ ಸುಮ್ಮನಿರುತ್ತಿರಲಿಲ್ಲ. ಊಟಕ್ಕೆ ಕುಳಿತಾಗಲೂ ತಟ್ಟೆಯ ಅಂಚಿನ ಮೇಲೆ ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸುತ್ತಿದ್ದವು. ಇನ್ನೂ ಮುಂಬಯಿ ಸರಕಾರವಿದ್ದ ಕಾಲ. ಗೋಕಾಕದಲ್ಲಿದ್ದು ನಾಟಕ ಕಂಪನಿಗಳ ಹಾಡುಗಳಿಗೆ ಧಾಟಿ ಕೂಡಿಸುತ್ತಿದ್ದ ಅವರು ನನಗೆ ಐದು ವರ್ಷ ಹಾಡು ಕಲಿಸಿದರು. ಊರವರು ಆಡಿಕೊಂಡಾಗ, "ಹುಡುಗಿ ಹಾಡಿದ್ರ ನಿಮ್ಮ ಕಬ್ಬೇನ ಒಣಗತಾವು?" ಎಂದು ಗದರಿಸಿದ್ದರು. ನನಗೆ ಹೇಳುತ್ತಿದ್ದುದು ಒಂದೇ ಮಾತು: "ದನಿ ಆಮ್ಯಾಲ, ತಂಗಿ. ಮೊದಲ ಉಸಿರ ಎಲ್ಲಿ ಬಿಡಬೇಕು ಅನ್ನೂದು ಕಲಿ."

ಒಂದು ಬೇಸಿಗೆಯಲ್ಲಿ ಅವರು ದಿನವೂ ಮುಂಜಾನೆ ನಮ್ಮ ಮನೆಗೆ ಬಂದು, ಅವ್ವ ಬೀಸುತ್ತ ಹಾಡುವ ಪದಗಳನ್ನು ಬರೆದುಕೊಂಡರು. ಕಲ್ಲು ತಿರುಗಿಸುವ ಮೊದಲು ಪದ ಕಲಿಸಿದವಳ ಹೆಸರು ನೆನೆಯುವುದು ನಮ್ಮ ಮನೆಯ ರೂಢಿ. "ಕಲ್ಲೋಳಿ ಅತ್ತಿ, ನಿನ್ನ ಪದ" ಎಂದೇ ಅವ್ವ ಗೂಟ ಹಿಡಿಯುತ್ತಿದ್ದಳು.

"ಬರೇ ಬರಕೊಂಡ್ರ ಹಿಟ್ಟ ಬೀಳೂದಿಲ್ಲರಿ ಮಾಸ್ತರ, ಬರ್ರಿ, ಗೂಟಾ ಹಿಡೀರಿ" ಎಂದು ಒಂದು ದಿನ ನಕ್ಕಳು. ಅವರು ಹಿಡಿದು ಕಲ್ಲನ್ನು ಉಲ್ಟಾ ತಿರುಗಿಸಿದರು.

"ಅಯ್ಯ, ಪೇಟಿ ಅಲ್ಲರಿ ಅದು!"

"ತಪ್ಪಾತು ಅಕ್ಕಾ. ಪುಸ್ತಕದಾಗ ಮೊದಲ ನಿಮ್ಮ ಹೆಸರ, ಆಮ್ಯಾಲ ನಂದು."

ಅವ್ವ ಇದನ್ನು ಹೊಳೆಗೆ ಬಂದವರಿಗೆಲ್ಲ ಹೇಳಿಕೊಂಡು ಬಂದಳು.

ಪುಸ್ತಕ ಹುಕ್ಕೇರಿಯಲ್ಲಿ ಬಿಡುಗಡೆಯಾಯಿತು. ನೂರೇ ಪ್ರತಿ, ಪ್ರತಿಯೊಂದಕ್ಕೂ ಸಂಖ್ಯೆ, ಅವರ ಸ್ವಂತ ಸಹಿ. ಪುಟಗಳಲ್ಲಿ ಮಾತುಗಳು ಸ್ವರಲಿಪಿಯಂತೆ ಚದುರಿದ್ದವು, ನಡುವೆ ಖಾಲಿ ಜಾಗ. "ಕಾವ್ಯದಲ್ಲಿ ಇಂಥ ಮೌನದ ಪ್ರಯೋಗ ಹೊಸದು" ಎಂದು ಅತಿಥಿಗಳು ಹೊಗಳಿದರು. ಮಾಸ್ತರರು ಎದ್ದು ಕೈಮುಗಿದು, "ಪೇಟಿ ಮುಂದ ಕುಂತಾಗ ನನಗ ಹೊಳೀತು" ಎಂದರು. ಬೇಸಿಗೆಯಿಡೀ, ಕಲಿಸಿದವಳ ಹೆಸರು ನೆನೆಯುವ ನಮ್ಮ ಮನೆಯ ರೂಢಿಯನ್ನು ಕಣ್ಣಾರೆ ಕಂಡವರು. ಎದುರಿಗೇ ಕುಳಿತಿದ್ದ ನನ್ನತ್ತ ನೋಡಲಿಲ್ಲ.

ನನಗೆ ಕೊಟ್ಟ ಪ್ರತಿಯನ್ನು ಬಸ್ಸಿನಲ್ಲಿ ಎರಡು ಸಲ ತಿರುವಿ ಹಾಕಿದೆ. ಸಾಲುಗಳೆಲ್ಲ ಅವ್ವನವು. ಅವಳ ಹೆಸರು ಎಲ್ಲಿಯೂ ಇರಲಿಲ್ಲ.

ಮನೆಯಲ್ಲಿ ಅವಳಿಗೆ ಓದಿ ಹೇಳಿದೆ. ಖಾಲಿ ಜಾಗ ಬಂದಲ್ಲಿ ನಾನು ತಡೆದಾಗ ಅವಳ ಕೈ ತಾನಾಗಿ ಮುಷ್ಟಿ ಕಟ್ಟಿ, ಗಾಳಿಯಲ್ಲಿ ಬಿಚ್ಚಿಕೊಂಡಿತು.

"ಇಲ್ಲೆ ಹಾಡ ನಿಲ್ಲಿಸಿ ಕಾಳ ಹಾಕತೀವಲ್ಲ! ಖರೆ ಬರದಾರ ನೋಡ" ಎಂದು ಹಿಗ್ಗಿದಳು. "ನನ್ನ ಹೆಸರ ಎಲ್ಲೈತಿ, ತೋರಸ."

ಓದು ಬಾರದ ಅವಳ ಬೆರಳನ್ನು ಹಿಡಿದು ಮಾಸ್ತರರ ಸಹಿಯ ಮೇಲಿಟ್ಟು, "ಇಲ್ಲೈತಿ" ಎಂದೆ. ಅವಳು ಪುಸ್ತಕವನ್ನು ಕಣ್ಣಿಗೊತ್ತಿಕೊಂಡಳು.

ಮುಂದೆ ಮಾಸ್ತರರು ಕಾಯಿಲೆ ಬಿದ್ದು ಮೂಡಲಗಿಯ ಮಗಳ ಮನೆ ಸೇರಿದಾಗ ಹೋಗಿ, ಅವ್ವನ ಹೆಸರು ಯಾಕೆ ಬಿಟ್ಟಿರೆಂದು ಕೇಳಿದೆ.

"ಹೆಣ್ಣಮಕ್ಕಳ ಬೀಸೂ ಪದ ಅಂದಿದ್ರ ಆ ಸಭಾದಾಗ ಯಾರ ಕೇಳತಿದ್ರು, ತಂಗಿ?"

"ಈಗರೆ ಹೆಸರ ಹಾಕ್ರಿ, ಮಾಸ್ತರ."

"ನೂರರ ಮ್ಯಾಲ ಒಂದೂ ಅಚ್ಚ ಹಾಕಸೂದಿಲ್ಲಂತ ಬರದ ಸಹಿ ಮಾಡೇನಿ. ಇನ್ನ ಹ್ಯಾಂಗ ತಿದ್ದಲಿ?"

ಅದೇ ತಿಂಗಳು ತೀರಿಕೊಂಡರು.

ನನ್ನ ದನಿ ಅವರು ಕೊಟ್ಟದ್ದು. ಆ ಋಣವನ್ನು ಅಲ್ಲಗಳೆಯುವಂತಿಲ್ಲ. ಆದರೆ ಅವ್ವ ಇಂದಿಗೂ ಬಂದವರ ಮುಂದೆ ಪುಸ್ತಕ ತೆರೆದು, ಅವರ ಸಹಿ ಮುಟ್ಟಿ, "ಇದ ನನ್ನ ಹೆಸರ್ರಿ" ಎಂದು ತೋರಿಸುತ್ತಾಳೆ. ನಾನು ಪಕ್ಕದಲ್ಲಿಯೇ ನಿಂತಿರುತ್ತೇನೆ.

ಈ ಬರಹದಲ್ಲಿ ಕಂಡುಬರುವ ತಪ್ಪುಗಳನ್ನು ತಾವು ದಯವಿಟ್ಟು ತಿದ್ದಿಕೊಳ್ಳಬೇಕಾಗಿ ವಿನಂತಿ. ಅವ್ವನ ಮುಂದೆ ಆಡಿದ ಆ ಒಂದು ಮಾತನ್ನು ತಿದ್ದಲು ನನಗೆ ಇನ್ನೂ ಧೈರ್ಯ ಬಂದಿಲ್ಲ.