ಲಸಿಕೆ ಮೈಗೆ ಹತ್ತಿತೇ ಎಂದು ಕೇಳಿದವರು

ಮೂತ್ರಪಿಂಡಗಳು ಸೋತವರ ರಕ್ತವನ್ನು ವಾರಕ್ಕೆ ಮೂರು ಬಾರಿ ಯಂತ್ರದಲ್ಲಿ ಹಾಯಿಸಿ, ಶುದ್ಧಿಮಾಡಿ ಮರಳಿಸುವ ಡಯಾಲಿಸಿಸ್ ಕ್ಷೇತ್ರದಲ್ಲಿ ವೈದ್ಯರ ಹೆಸರು ಮುಂದೆ ಬರುವುದು ವಾಡಿಕೆ. ನಮ್ಮ ಆಸ್ಪತ್ರೆಯಲ್ಲಿ ಮಾತ್ರ ಆ ವಿಭಾಗವೆಂದರೆ ಮೊದಲು ನೆನಪಾಗುವವರು, ಮೂವತ್ತನಾಲ್ಕು ವರ್ಷಗಳ ಸೇವೆ ಮುಗಿಸಿ ಈ ತಿಂಗಳು ನಿವೃತ್ತರಾಗುತ್ತಿರುವ ಹಿರಿಯ ದಾದಿ, ರೋಗಿಗಳಿಂದ ಹಿಡಿದು ಮುಖ್ಯ ವೈದ್ಯರವರೆಗೆ ಎಲ್ಲರ ಬಾಯಲ್ಲೂ ‘ದೊಡ್ಡಕ್ಕ’ ಆಗಿರುವ ಮಾನ್ಯರು.

ಅವರು ಸೇವೆಗೆ ಸೇರಿದಾಗ ವಿಭಾಗವೆಂದರೆ ಬಟ್ಟೆ ಒಗೆಯುವ ಕೋಣೆಯ ಪಕ್ಕದ ಒಂದು ಉದ್ದನೆಯ ಹಜಾರ, ನಾಲ್ಕು ಯಂತ್ರ, ಕಾಲು ಅಲುಗುವ ಒಂದು ಮೇಜು. ಸೂಜಿ ಕಂಡರೆ ಬೆವರುವವರು ಯಾರು, ನಾಲ್ಕು ತಾಸಿನಲ್ಲಿ ಕಾಲು ತಣ್ಣಗಾಗುವವರು ಯಾರು ಎಂಬುದೆಲ್ಲ ಅವರಿಗೆ ಬಾಯಿಪಾಠ. ಮಗಳ ಹೆರಿಗೆಗೆಂದು ರಜೆ ಹಾಕಿದ್ದಾಗಲೂ ಬೆಳಗ್ಗೆ ಒಮ್ಮೆ ಫೋನ್ ಮಾಡಿ, ಮೂರನೆಯ ಮಂಚದ ಅಜ್ಜಿಗೆ ಎರಡು ಕಂಬಳಿ ಹೊದಿಸಿದಿರಾ ಎಂದು ವಿಚಾರಿಸುತ್ತಿದ್ದರು.

ಅವರ ಸೇವೆಯ ಒಂಬತ್ತನೆಯ ವರ್ಷದಲ್ಲಿ, ಮೂರು ವರ್ಷಗಳಿಂದ ಬರುತ್ತಿದ್ದ ಒಬ್ಬ ದರ್ಜಿಯ ಕಣ್ಣು ಹಳದಿಗಟ್ಟಿತು. ರಕ್ತಪರೀಕ್ಷೆಯಲ್ಲಿ ಹೆಪಟೈಟಿಸ್ ಬಿ ಎಂದು ಬಂತು. ರಕ್ತದಿಂದ ಹರಡಿ ಯಕೃತ್ತನ್ನು ಕೆಡಿಸುವ ಆ ಸೋಂಕು ಡಯಾಲಿಸಿಸ್ ಕೋಣೆಯಲ್ಲಿ ಕಾಲಿಟ್ಟರೆ ಕಾಡ್ಗಿಚ್ಚಿನಂತೆ. ಸೋಂಕು ಎಲ್ಲಿಂದ ಬಂತೆಂದು ಖಚಿತವಾಗಿ ಹೇಳಲು ಯಾರಿಂದಲೂ ಆಗಲಿಲ್ಲ. ಆದರೆ ದರ್ಜಿ ಮೂರು ಬಾರಿಯೂ ಲಸಿಕೆ ಹಾಕಿಸಿಕೊಂಡಿದ್ದರು. ಅವರ ಚೀಟಿಯ ಮೇಲೆ ‘ಪೂರ್ಣ’ ಎಂದು ಮೊಹರು ಒತ್ತಿದವರು ಸ್ವತಃ ದೊಡ್ಡಕ್ಕ. ಲಸಿಕೆ ಹತ್ತಿತೇ ಎಂದು ನೋಡದೆಯೇ ಮೊಹರು ಒತ್ತಿದ್ದೆನೆಂದು ಅವರು ದರ್ಜಿಯ ಮಂಚದ ಪಕ್ಕ ಕುಳಿತು ಮುಚ್ಚಿಡದೆ ಹೇಳಿದರು. ಅದಕ್ಕೆ ದರ್ಜಿ ಅಂದರಂತೆ:

“ಅಳತೆ ತಗೊಳ್ದೆ ಹೊಲಿದ್ರೆ ಹಿಂಗೇ ಆಗೋದು ಸಿಸ್ಟರ್. ಉಳಿದವರಿಗಾದ್ರೂ ಅಳತೆ ತಗೊಳ್ಳಿ.”

ಆ ಮಾತು ಅವರ ಎದೆಯಲ್ಲಿ ನಾಟಿತು. ಗ್ರಂಥಾಲಯದಲ್ಲಿ ವೈದ್ಯಪತ್ರಿಕೆಗಳನ್ನು ತಿರುವಿಹಾಕಿದಾಗ ವಿಷಯ ತಿಳಿಯಿತು: ಮೂತ್ರಪಿಂಡ ಸೋತ ದೇಹದಲ್ಲಿ ರೋಗದೊಡನೆ ಹೋರಾಡುವ ಶಕ್ತಿಯೂ ಮಂಕಾಗಿರುತ್ತದೆ, ಆರೋಗ್ಯವಂತರಿಗೆ ಸಾಲುವ ಲಸಿಕೆ ಇವರಿಗೆ ಸಾಲದು, ಇಮ್ಮಡಿ ಪ್ರಮಾಣ ಕೊಟ್ಟು, ಅನಂತರ ರಕ್ತದಲ್ಲಿ ರೋಗಾಣುವನ್ನು ತಡೆಯುವ ಪ್ರತಿಕಾಯ ಮೂಡಿದೆಯೇ ಎಂದು ಅಳೆದು ನೋಡಬೇಕು. ನಮ್ಮಲ್ಲಿಯೋ, ಸಿಬ್ಬಂದಿಗೆ ಹಾಕುವಷ್ಟನ್ನೇ ರೋಗಿಗಳಿಗೂ ಹಾಕಿ ಕೈತೊಳೆದುಕೊಳ್ಳುತ್ತಿದ್ದೆವು.

ಎಲ್ಲ ರೋಗಿಗಳ ರಕ್ತವನ್ನೂ ಪರೀಕ್ಷಿಸಬೇಕೆಂದು ಅವರು ಕೇಳಿದಾಗ ಅಂದಿನ ಅಧೀಕ್ಷಕರು ಒಪ್ಪಲಿಲ್ಲ. ಹಾಕಿದ ಲಸಿಕೆಯನ್ನು ನಾವೇ ಅನುಮಾನಿಸಿದರೆ ಜನ ಆಸ್ಪತ್ರೆಯನ್ನೇ ನಂಬುವುದಿಲ್ಲ ಎಂಬುದು ಅವರ ವಾದ. ಎಂದೂ ಎದುರು ಮಾತಾಡದ ದೊಡ್ಡಕ್ಕ ಅಂದು ನಿಂತ ನಿಲುವಿನಲ್ಲೇ ಹೇಳಿದರು:

“ಚುಚ್ಚಿದ್ದು ನಂಗೊತ್ತು ಸರ್. ಮೈಗೆ ಹತ್ತಿದ್ಯೋ ಇಲ್ವೋ ಗೊತ್ತಿಲ್ಲ. ಗೊತ್ತಿಲ್ದೆ ಇನ್ನೊಂದು ಚೀಟಿಗೆ ನಾನು ಮೊಹರು ಒತ್ತಲ್ಲ.”

ಹನ್ನೊಂದು ದಿನ ಅವರು ಮೊಹರು ಮುಟ್ಟಲಿಲ್ಲ. ಹನ್ನೆರಡನೆಯ ದಿನ ಅನುಮತಿ ಬಂತು. ಲಸಿಕೆ ‘ಪೂರ್ಣ’ವಾಗಿದ್ದ ಮೂವತ್ತೆಂಟು ಮಂದಿಯಲ್ಲಿ ಸಾಕಷ್ಟು ಪ್ರತಿಕಾಯವಿದ್ದದ್ದು ಹದಿನೈದು ಮಂದಿಗೆ ಮಾತ್ರ. ಉಳಿದ ಇಪ್ಪತ್ತಮೂರು ಮಂದಿಗೂ ಅವರೇ ಒಬ್ಬೊಬ್ಬರಾಗಿ ತಿಳಿಹೇಳಿದರು. ಒಬ್ಬ ಮಹಿಳೆ ಅತ್ತರು. ಒಬ್ಬರು ರೇಗಿ ಇನ್ನು ಸೂಜಿ ಬೇಡವೆಂದು ಎದ್ದುಹೋದರು. ಎದ್ದುಹೋದವರ ಮನೆಯ ಮಹಡಿ ಹತ್ತಿ ದೊಡ್ಡಕ್ಕ ಎರಡು ಬಾರಿ ಹೋಗಿ, ಮೂರನೆಯ ಬಾರಿ ಕರೆತಂದರು. ಇಮ್ಮಡಿ ಪ್ರಮಾಣದಲ್ಲಿ ನಾಲ್ಕು ಬಾರಿ ಲಸಿಕೆ ಕೊಟ್ಟು, ಎಂಟು ತಿಂಗಳ ಮೇಲೆ ಮತ್ತೆ ಅಳೆದಾಗ ಹದಿನೇಳು ಮಂದಿಗೆ ಹತ್ತಿತ್ತು.

ಆರು ಮಂದಿಗೆ ಹತ್ತಲಿಲ್ಲ. ಅವರಲ್ಲೊಬ್ಬರು ಬಸ್ ಚಾಲಕರು, ಮಾತಿನ ಮಲ್ಲ. “ಕೋಣನ ಮುಂದೆ ಕಿನ್ನರಿ ಬಾರಿಸ್ತಿದೀರಿ ದೊಡ್ಡಕ್ಕ, ನನ್ನ ರಕ್ತ ತಲೆ ಆಡಿಸಲ್ಲ,” ಎಂದು ನಕ್ಕು, ಹಾಗಾದರೆ ತಮ್ಮ ಗತಿಯೇನೆಂದು ಕೇಳಿದರು. ದೊಡ್ಡಕ್ಕ ಸುಳ್ಳು ಸಮಾಧಾನ ಹೇಳಲಿಲ್ಲ. ರಕ್ಷಣೆ ಒಳಗಿನಿಂದ ಬಾರದಿದ್ದರೆ ಹೊರಗಿನಿಂದ ಕೊಡುತ್ತೇವೆ ಎಂದು, ಸೋಂಕಿದ್ದವರಿಗೆ ಬೇರೆ ಕೋಣೆ, ಬೇರೆ ಯಂತ್ರ, ಬೇರೆ ದಾದಿ ಎಂಬ ಕಟ್ಟುನಿಟ್ಟನ್ನು ಜಾರಿಗೆ ತಂದರು. ಒಂದು ಮಂಚದಿಂದ ಇನ್ನೊಂದಕ್ಕೆ ಹೋಗುವಾಗ ಕೈಗವಸು ಬದಲಿಸದವರನ್ನು, ಅವರು ವೈದ್ಯರೇ ಆಗಿರಲಿ, ಬಾಗಿಲಲ್ಲೇ ನಿಲ್ಲಿಸಿದರು. ದರ್ಜಿ ಪ್ರತ್ಯೇಕ ಕೋಣೆಯಲ್ಲಿ ಇನ್ನೂ ಏಳು ವರ್ಷ ಬದುಕಿದರು. ಚಿಕಿತ್ಸೆಯ ವೇಳೆ ತೋಳು ಬಿಚ್ಚಿಕೊಳ್ಳುವಂತಹ ಅಂಗಿಗಳನ್ನು ವಿಭಾಗದ ಎಲ್ಲರಿಗೂ ಹೊಲಿದುಕೊಟ್ಟರು.

ಅಲ್ಲಿಂದೀಚೆಗೆ ವರ್ಷಕ್ಕೊಮ್ಮೆ ಪ್ರತಿಕಾಯ ಅಳೆಯುವುದು, ಇಳಿದಿದ್ದರೆ ಮತ್ತೊಂದು ಲಸಿಕೆ ಕೊಡುವುದು ನಮ್ಮಲ್ಲಿ ನಿಯಮವಾಯಿತು. ವಾದಿಸಿದ್ದ ಅಧೀಕ್ಷಕರು ತಾವು ನಿವೃತ್ತರಾಗುವ ದಿನ ವಿಭಾಗಕ್ಕೆ ಬಂದು, ತಾವು ತಪ್ಪಿದ್ದೆವೆಂದು ಎಲ್ಲರೆದುರು ಹೇಳಿ ಹೋದದ್ದು ಅವರ ದೊಡ್ಡತನ. ಈಗ ಇಪ್ಪತ್ತೆರಡು ಯಂತ್ರಗಳಿವೆ. ದರ್ಜಿಯ ಅನಂತರ ಈ ವಿಭಾಗದಲ್ಲಿ ಒಬ್ಬರಿಗೂ ಹೊಸದಾಗಿ ಆ ಸೋಂಕು ತಗುಲಿಲ್ಲ.

ಮುಂದಿನ ತಿಂಗಳಿನಿಂದ ಅವರು ಹೊಸ ಡಯಾಲಿಸಿಸ್ ಕೇಂದ್ರಗಳ ದಾದಿಯರಿಗೆ ವಾರಕ್ಕೆರಡು ದಿನ ಕಲಿಸಲು ಒಪ್ಪಿದ್ದಾರೆ. ಉಳಿದ ಐದು ದಿನ ತಮ್ಮ ಪಾಲಿಗಿರಲಿ ಎಂದು ಅವರ ಯಜಮಾನರು ನಗುತ್ತಲೇ ಕರಾರು ಹಾಕಿದ್ದಾರೆ. ಆ ಕರಾರು ಬಹುಕಾಲ ನಡೆಯಲಿ. ಅವರ ಕಣ್ಣು, ಕಾಲು, ಕೈಯ ಹದ ಎಲ್ಲವೂ ಗಟ್ಟಿಯಾಗಿರಲಿ. ಕಲಿತವರು ಅವರಂತೆಯೇ, ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆನ್ನುವ ಎದೆಗಾರಿಕೆ ಪಡೆಯಲಿ ಎಂಬುದು ಅವರ ಕೈಯಿಂದ ಚುಚ್ಚಿಸಿಕೊಂಡವರ, ಅವರಿಂದ ಚುಚ್ಚಲು ಕಲಿತವರ, ಎಲ್ಲರ ಹಾರೈಕೆ.